ನಾಗಪುರ ಮತ್ತು ಹೈಡ್ರೋಜನ್: ಹತ್ತಿ ಗಿರಣಿಯಿಂದ ಗ್ಯಾಸ್ ಸಿಲಿಂಡರ್‌ವರೆಗೆ

ಗ್ರೀನ್ ಹೈಡ್ರೋಜನ್ ಬಗ್ಗೆ ಮಾತಾಡಿ ಅಂತ ನಿಮ್ಮಲ್ಲಿ ಹಲವರು ಕೇಳ್ತಾನೇ ಇದ್ದೀರಿ. ಕೇಳೋ ರೀತಿ ಬೇರೆ ಬೇರೆ ಇದ್ದರೂ ಒಳಗಿನ ಪ್ರಶ್ನೆ ಒಂದೇ: ಇದರಲ್ಲಿ ನಮ್ಮಂಥವರಿಗೆ ಏನಾದರೂ ವ್ಯಾಪಾರ ಇದೆಯಾ? ಯಾವ ಷೇರು ತಗೋಬೇಕು ಅಂತ ಹೇಳೋದು ಈ ಚಾನೆಲ್ಲಿನ ಕೆಲಸ ಅಲ್ಲ. ನಾನು ಇತಿಹಾಸ ಹೇಳ್ತೀನಿ, ಲೆಕ್ಕ ನೀವು ಹಾಕಿಕೊಳ್ಳಿ. ಅದಕ್ಕಾಗಿ ಇವತ್ತು ಒಂದೇ ಒಂದು ಊರನ್ನು ಆರಿಸಿಕೊಂಡಿದ್ದೀನಿ. ಬಂದರು ಇಲ್ಲದ, ಸಮುದ್ರದಿಂದ ಬಹಳ ದೂರ ಇರುವ ನಾಗಪುರ.

ನಾಗಪುರ ಯಾಕೆ? 2022ರ ಮಾರ್ಚ್‌ನಲ್ಲಿ ನಿತಿನ್ ಗಡ್ಕರಿ ಟೊಯೊಟಾ ಮಿರಾಯ್ ಅನ್ನೋ ಹೈಡ್ರೋಜನ್ ಕಾರಿನಲ್ಲಿ ಸಂಸತ್ತಿಗೆ ಬಂದದ್ದು ನಿಮಗೆ ನೆನಪಿರಬಹುದು. ಅವರು ನಾಗಪುರದ ಸಂಸದರು. ಕೊಳಚೆ ನೀರಿನಿಂದ ಹೈಡ್ರೋಜನ್ ಮಾಡಬಹುದು ಅಂತ ಅವರು ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಅಲ್ಲಿಂದೀಚೆಗೆ 2023ರ ಜನವರಿ 4ರಂದು ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಅನ್ನೋದು ಗುರಿ. ಅದೇ ವರ್ಷ ಮಹಾರಾಷ್ಟ್ರ ತನ್ನದೇ ಹೈಡ್ರೋಜನ್ ನೀತಿ ತಂತು. ಇದೆಲ್ಲ ಸುದ್ದಿ. ಆದರೆ ನಾಗಪುರಕ್ಕೂ ಹೈಡ್ರೋಜನ್ನಿಗೂ ಇರುವ ನಂಟು ಕಾರಿನಿಂದ ಶುರುವಾದದ್ದಲ್ಲ.

ಸ್ವಲ್ಪ ಹಿಂದೆ ಹೋಗೋಣ. 1874ರಲ್ಲಿ ಜಮ್‌ಶೆಟ್‌ಜಿ ಟಾಟಾ ಹತ್ತಿ ಗಿರಣಿಗೆ ಕಂಪನಿ ಕಟ್ಟಿದರು. ಆಗ ಗಿರಣಿ ಅಂದರೆ ಬೊಂಬಾಯಿ, ಬೇರೆ ಮಾತೇ ಇಲ್ಲ. ಇವರು ಆರಿಸಿದ್ದು ನಾಗಪುರ. ಕಾರಣ ಬಹಳ ಸರಳ. ವಿದರ್ಭದ ಕಪ್ಪು ಮಣ್ಣಿನ ಹತ್ತಿ ಪಕ್ಕದಲ್ಲೇ, ವರೋರಾ ಕಡೆಯ ಕಲ್ಲಿದ್ದಲು ಹತ್ತಿರದಲ್ಲೇ, ಮತ್ತೆ 1867ರಲ್ಲೇ ರೈಲು ಬಂದಿತ್ತು. ಅಲ್ಲಿನ ಒಬ್ಬ ಮಾರವಾಡಿ ಸಾಹುಕಾರ ಸಾಲ ಕೊಡೋಕೆ ಒಪ್ಪಲಿಲ್ಲ, ಈತ ಗುಂಡಿ ತೋಡಿ ಚಿನ್ನ ತುಂಬಿಸ್ತಿದ್ದಾನೆ ಅಂದ, ಆಮೇಲೆ ಈತ ಮಣ್ಣು ಹಾಕಿ ಚಿನ್ನ ತೆಗೆದ ಅಂತ ಒಪ್ಪಿಕೊಂಡ ಅನ್ನೋ ಕಥೆ ಇದೆ. ಇಂಥ ಕಥೆಗಳಿಗೆ ಉಪ್ಪು ಖಾರ ಬೆರೆತಿರುತ್ತೆ ಬಿಡಿ. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಅಂತ ಘೋಷಿಸಿದ ದಿನವೇ, ಗಿರಣಿ ಶುರುವಾಯಿತು. ಹೆಸರು ಎಂಪ್ರೆಸ್ ಮಿಲ್ಸ್.

ಹತ್ತಿಯನ್ನಾದರೂ ಗಂಟು ಕಟ್ಟಿ ಬೊಂಬಾಯಿಗೆ ಸಾಗಿಸಬಹುದಿತ್ತು. ಹೈಡ್ರೋಜನ್ನಿನ ವಿಷಯದಲ್ಲಿ ಈ ಜಾಗದ ಪ್ರಶ್ನೆ ನೂರು ಪಟ್ಟು ಗಟ್ಟಿ. ವೆಲ್ಡಿಂಗ್ ಅಂಗಡಿಯಲ್ಲೋ ಲ್ಯಾಬಿನಲ್ಲೋ ಎತ್ತರದ ಉಕ್ಕಿನ ಸಿಲಿಂಡರ್ ನೋಡಿರ್ತೀರಿ. ಅದರಲ್ಲಿ ಹೈಡ್ರೋಜನ್ ತುಂಬಿದರೆ ಹಿಡಿಸೋದು ಹೆಚ್ಚೂಕಡಿಮೆ 7 ಘನ ಮೀಟರ್, ತೂಕದಲ್ಲಿ 600 ಗ್ರಾಂ. ಸಿಲಿಂಡರ್ ತೂಕ 50 ಕೆಜಿಗೂ ಮೇಲೆ. ಅಂದರೆ ಲಾರಿಯಲ್ಲಿ ಹೋಗ್ತಿರೋದು ಗ್ಯಾಸ್ ಅಲ್ಲ, ಉಕ್ಕು! ಹಾಗಾಗಿ ಹೈಡ್ರೋಜನ್ನನ್ನು ಇವತ್ತಿಗೂ ಬಹುಪಾಲು ತಯಾರಿಸಿದ ಕಾರ್ಖಾನೆಯಲ್ಲೇ ಬಳಸಿಬಿಡ್ತಾರೆ. ಡಾಲ್ಡಾ ಡಬ್ಬ ನೆನಪಿದೆಯಲ್ಲ? ಎಣ್ಣೆಯನ್ನು ಗಟ್ಟಿ ಮಾಡೋಕೆ ಹೈಡ್ರೋಜನ್ ಬೇಕು. ಎಷ್ಟೋ ವನಸ್ಪತಿ ಕಾರ್ಖಾನೆಗಳು ನೀರಿಗೆ ಕರೆಂಟ್ ಹಾಯಿಸಿ ಅಲ್ಲೇ ಗ್ಯಾಸ್ ತೆಗೆದು ಅಲ್ಲೇ ಬಳಸುತ್ತಿದ್ದವು. ಇವತ್ತು ಎಲೆಕ್ಟ್ರೋಲೈಸರ್ ಅಂತ ಹೊಸದಾಗಿ ಹೇಳ್ತಿರೋದು ನಮ್ಮ ಅಜ್ಜಿಯರ ಅಡುಗೆಮನೆಗೆ ಅಷ್ಟು ಹಿಂದೆಯೇ ಸೇವೆ ಮಾಡಿದೆ.

ಈಗ ಆ ಸಿಲಿಂಡರ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಾಗಪುರದ ನಿಜವಾದ ಕಥೆ ಅಲ್ಲಿದೆ. 1884ರಲ್ಲಿ ಬ್ರಿಟಿಷ್ ಸರ್ಕಾರ ಸ್ಫೋಟಕಗಳ ಕಾಯಿದೆ ತಂತು. 1898ರಲ್ಲಿ ಅದನ್ನು ನೋಡಿಕೊಳ್ಳೋಕೆ ಒಂದು ಇಲಾಖೆ ಹುಟ್ಟಿತು. 1938ರಲ್ಲಿ ಒಂದು ಅಧಿಸೂಚನೆ: ಒತ್ತಿ ತುಂಬಿದ ಗ್ಯಾಸ್ ಇರುವ ಲೋಹದ ಸಿಲಿಂಡರ್ ಕೂಡ ಕಾನೂನಿನ ಕಣ್ಣಲ್ಲಿ ಸ್ಫೋಟಕವೇ. 1940ರಲ್ಲಿ ಗ್ಯಾಸ್ ಸಿಲಿಂಡರ್ ನಿಯಮಗಳು ಬಂದವು. 1981, 2004, 2016ರಲ್ಲಿ ಅವನ್ನೇ ಹೊಸದಾಗಿ ಬರೆದರು. ಆ ಇಲಾಖೆಯ ಇವತ್ತಿನ ಹೆಸರು ಪೆಸೊ, ಪೆಟ್ರೋಲಿಯಂ ಅಂಡ್ ಎಕ್ಸ್‌ಪ್ಲೋಸಿವ್ಸ್ ಸೇಫ್ಟಿ ಆರ್ಗನೈಸೇಷನ್. ಅದರ ಮುಖ್ಯ ಕಚೇರಿ ನಾಗಪುರದ ಸೆಮಿನರಿ ಹಿಲ್ಸ್‌ನಲ್ಲಿದೆ.

ನಿಮ್ಮೂರಿನ ಪೆಟ್ರೋಲ್ ಬಂಕು, ಆಸ್ಪತ್ರೆಯ ಆಕ್ಸಿಜನ್ ಟ್ಯಾಂಕು, ಮನೆಯ ಅಡುಗೆ ಗ್ಯಾಸಿನ ಸಿಲಿಂಡರ್, ಎಲ್ಲಕ್ಕೂ ಈ ಇಲಾಖೆಯ ನಿಯಮ ತಗುಲುತ್ತೆ. ನಮ್ಮ ಪೀಣ್ಯದಲ್ಲಿ ಯಾರಾದರೂ ನಾಳೆ ಹೈಡ್ರೋಜನ್ ಸಿಲಿಂಡರಿಗೆ ವಾಲ್ವ್ ಮಾಡ್ತೀನಿ ಅಂತ ಹೊರಟರೂ ಅನುಮತಿಯ ದಾರಿ ನಾಗಪುರದ ಮೂಲಕವೇ. ಆ ವಾಲ್ವಿನಲ್ಲೂ ಒಂದು ಸಣ್ಣ ಇತಿಹಾಸ ಇದೆ. ಹೊತ್ತಿಕೊಳ್ಳುವ ಗ್ಯಾಸಿನ ಸಿಲಿಂಡರಿಗೆ ಮರೆ ಎಡಕ್ಕೆ, ಆಕ್ಸಿಜನ್ನಿಗೆ ಬಲಕ್ಕೆ. ಕತ್ತಲಲ್ಲಿ ತಪ್ಪು ಪೈಪು ಸಿಕ್ಕಿಸೋಕೆ ಹೋದರೂ ಅದು ಕೂರೋದೇ ಇಲ್ಲ. ಇಂಥ ನಿಯಮವೆಲ್ಲ ಯಾರೋ ಸತ್ತ ಮೇಲೆ ಬಂದವು ಅಂತ ನನ್ನ ಗುಮಾನಿ.

ಸರಿ, ಕೊಳಚೆ ನೀರಿನ ವಿಷಯ. ಇದನ್ನು ತಮಾಷೆ ಮಾಡೋರು ಬಹಳ ಜನ. ಆದರೆ ನಾಗಪುರಕ್ಕೆ ಇಲ್ಲಿ ಒಳ್ಳೇ ದಾಖಲೆ ಇದೆ. 2008ರಲ್ಲಿ ನಾಗಪುರ ಮಹಾನಗರ ಪಾಲಿಕೆ ಮಹಾಜೆಂಕೊ ಜತೆ ಒಪ್ಪಂದ ಮಾಡಿಕೊಂಡು, ಭಾಂಡೇವಾಡಿಯಲ್ಲಿ ಶುದ್ಧೀಕರಿಸಿದ ದಿನಕ್ಕೆ 13 ಕೋಟಿ ಲೀಟರ್ ಕೊಳಚೆ ನೀರನ್ನು ಕೊರಾಡಿ ವಿದ್ಯುತ್ ಸ್ಥಾವರಕ್ಕೆ ಕೊಡೋಕೆ ಹೊರಟಿತು. ಊರಿನ ಕೊಳಚೆಗೆ ಗಿರಾಕಿ ಹುಡುಕಿದ ನಗರ ಅದು. ಈಗ ಲೆಕ್ಕ ನೋಡಿ. ಒಂದು ಕೆಜಿ ಹೈಡ್ರೋಜನ್ನಿಗೆ ರಸಾಯನಶಾಸ್ತ್ರ ಕೇಳೋದು 9 ಲೀಟರ್ ನೀರು. ಶುದ್ಧೀಕರಣದಲ್ಲಿ ಹೋಗೋದನ್ನೂ ಸೇರಿಸಿ 20 ಲೀಟರ್ ಹಿಡಿಯಿರಿ. ದಿನಕ್ಕೆ 10 ಲಕ್ಷ ಲೀಟರ್ ಸಿಕ್ಕರೆ 50 ಟನ್ ಹೈಡ್ರೋಜನ್. ಆ 13 ಕೋಟಿಯಲ್ಲಿ ಇದು ನೂರರಲ್ಲಿ ಒಂದು ಪಾಲೂ ಇಲ್ಲ. ನೀರಿನ ಚಿಂತೆ ಮುಗೀತು.

ಕರೆಂಟು? ಕೆಜಿಗೆ 50ರಿಂದ 55 ಯೂನಿಟ್. ಅದೇ 50 ಟನ್ನಿಗೆ ದಿನಕ್ಕೆ ಸುಮಾರು 26 ಲಕ್ಷ ಯೂನಿಟ್, ಅಂದರೆ 100 ಮೆಗಾವಾಟಿಗೂ ಮೇಲೆ, ಹಗಲೂ ರಾತ್ರಿ. ಬರೀ ಸೋಲಾರ್‌ನಿಂದ ಅಂದರೆ ಅದರ ಐದು ಪಟ್ಟು ಪ್ಯಾನೆಲ್ ಹಾಕಬೇಕು. ವಿದರ್ಭದಲ್ಲಿ ಕರೆಂಟಿಗೇನು ಕಮ್ಮಿ, ಕೊರಾಡಿ, ಖಾಪರಖೇಡಾ, ಚಂದ್ರಪುರ ಇವೆಯಲ್ಲ ಅಂತೀರಾ? ಅದೆಲ್ಲ ಕಲ್ಲಿದ್ದಲು. ಅಂದ ಹಾಗೆ ನಮ್ಮ ಬಳ್ಳಾರಿಯ ಉಷ್ಣ ಸ್ಥಾವರವೂ ವರ್ಷಗಟ್ಟಲೆ ಉರಿಸಿದ್ದು ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿಯ ಕಲ್ಲಿದ್ದಲನ್ನೇ. ಕಲ್ಲಿದ್ದಲಿನ ಕರೆಂಟಿನಿಂದ ಒಂದು ಕೆಜಿ ಹೈಡ್ರೋಜನ್ ತೆಗೆದರೆ 45ರಿಂದ 50 ಕೆಜಿ ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗುತ್ತೆ. ನೈಸರ್ಗಿಕ ಅನಿಲದಿಂದ ಮಾಡುವ ಹಳೇ ವಿಧಾನದಲ್ಲಿ ಹೋಗೋದು 10 ಕೆಜಿ ಆಸುಪಾಸು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ‘ಹಸಿರು’ ಅನ್ನಿಸಿಕೊಳ್ಳೋಕೆ ಇಟ್ಟ ಮಿತಿ 2 ಕೆಜಿ. ನಾಗಪುರದ ಗ್ರಿಡ್ಡಿನಿಂದ ಪ್ಲಗ್ ಹಾಕಿದರೆ ಅದು ಹಸಿರಲ್ಲ, ಮಸಿ.

ಈ ದೇಶ ಇದನ್ನು ಒಂದು ಸಲ ಮಾಡಿ ನೋಡಿದೆ. ಪಂಜಾಬಿನ ನಂಗಲ್‌ನಲ್ಲಿ, 1961ರಲ್ಲಿ. ಭಾಕ್ರಾ ಜಲವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್, ಅದರಿಂದ ಅಮೋನಿಯಾ, ಅದರಿಂದ ಗೊಬ್ಬರ. ಇವತ್ತಿನ ಭಾಷೆಯಲ್ಲಿ ಅಪ್ಪಟ ಗ್ರೀನ್ ಅಮೋನಿಯಾ! ಆಗ ಆ ಹೆಸರು ಯಾರಿಗೂ ಬೇಕಿರಲಿಲ್ಲ, ಅಷ್ಟೇ. ಆಮೇಲೆ ಏನಾಯ್ತು? ಅದೇ ಕರೆಂಟನ್ನು ಪಂಪ್‌ಸೆಟ್ಟುಗಳು ಕೇಳಿದವು, ಊರುಗಳು ಕೇಳಿದವು. 1970ರ ದಶಕದ ಕೊನೆಗೆ ನಂಗಲ್‌ನ ವಿಸ್ತರಣೆ ಮಾಡಿದ್ದು ಫ್ಯೂಯೆಲ್ ಆಯಿಲ್ ಮೇಲೆ. ತಂತ್ರಜ್ಞಾನ ಸೋಲಲಿಲ್ಲ, ಕರೆಂಟಿಗೆ ಹೆಚ್ಚು ಬೆಲೆ ಕೊಡೋರು ಬಂದರು.

ಇನ್ನೊಂದು ಪ್ರಯೋಗ ನಾಗಪುರದಿಂದ ದಕ್ಷಿಣಕ್ಕೆ ಹೋಗುವ ರೈಲಿನ ದಾರಿಯಲ್ಲೇ, ರಾಮಗುಂಡಂನಲ್ಲಿ ಆಯಿತು. ಕಲ್ಲಿದ್ದಲನ್ನೇ ಗ್ಯಾಸ್ ಮಾಡಿ ಹೈಡ್ರೋಜನ್ ತೆಗೆದು ಯೂರಿಯಾ ಮಾಡುವ ಕಾರ್ಖಾನೆ. 1980ರಲ್ಲಿ ಶುರು, 1999ರಲ್ಲಿ ಬಂದ್. ನಮ್ಮ ಕಲ್ಲಿದ್ದಲಿನ ಬೂದಿ, ಪದೇ ಪದೇ ಕೈಕೊಟ್ಟ ವಿದ್ಯುತ್ತು ಅದನ್ನು ಹಣ್ಣು ಮಾಡಿದವು. ಈಗ ಅದೇ ಜಾಗದಲ್ಲಿ ಹೊಸ ಕಾರ್ಖಾನೆ ನಡೀತಿದೆ, ನೈಸರ್ಗಿಕ ಅನಿಲದಿಂದ. ನಮ್ಮಲ್ಲೂ ಇಂಥ ಸಾಹಸ ಆಗಿದೆ. 1930ರ ದಶಕದ ಕೊನೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ಮೈಸೂರಿನ ಹತ್ತಿರ ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಹುಟ್ಟಿಕೊಂಡಿತು. ದೇಶದ ಮೊದಮೊದಲ ಅಮೋನಿಯಾ ಘಟಕಗಳಲ್ಲಿ ಅದೂ ಒಂದು.

ಹಾಗಾದರೆ ನಾಗಪುರದಲ್ಲಿ ಹೈಡ್ರೋಜನ್ ಕೊಳ್ಳೋರು ಯಾರು? ಕಾರು ಬಿಡಿ. ನನ್ನ ಪ್ರಕಾರ ದೊಡ್ಡ ಗಿರಾಕಿ ಆಗಲೇ ಊರಲ್ಲಿದ್ದಾನೆ, ಬೇರೆ ವೇಷದಲ್ಲಿ. ನಾಗಪುರದ ಸುತ್ತ ಗಣಿಗಾರಿಕೆಯ ಸ್ಫೋಟಕ ತಯಾರಿಸುವ ಕಾರ್ಖಾನೆಗಳ ದೊಡ್ಡ ಗುಂಪೇ ಇದೆ. ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಮುಖ್ಯ ಕಚೇರಿಯೂ ಇಲ್ಲೇ. 2004ರಲ್ಲಿ ನೈಟ್ರೋಗ್ಲಿಸರಿನ್ ಆಧಾರಿತ ಹಳೇ ಸ್ಫೋಟಕಗಳನ್ನು ನಿಷೇಧಿಸಿದ ಮೇಲೆ ಗಣಿಗಳಲ್ಲಿ ನಡೆಯೋದು ಬಹುಪಾಲು ಅಮೋನಿಯಂ ನೈಟ್ರೇಟ್. ಅಮೋನಿಯಂ ನೈಟ್ರೇಟ್ ಅಂದರೆ ಅಮೋನಿಯಾ, ಅಮೋನಿಯಾ ಅಂದರೆ ಹೈಡ್ರೋಜನ್. ಒಂದು ಟನ್ ಅಮೋನಿಯಂ ನೈಟ್ರೇಟಿಗೆ ಕಾಗದದ ಲೆಕ್ಕದಲ್ಲಿ 425 ಕೆಜಿ ಅಮೋನಿಯಾ, ಅದರೊಳಗೆ 75 ಕೆಜಿ ಹೈಡ್ರೋಜನ್. ಕರೆಂಟಿಗೆ ಯೂನಿಟ್ಟಿಗೆ 5 ರೂಪಾಯಿ ಹಿಡಿದರೆ, ಒಂದು ಟನ್ನಿಗೆ ಬರೀ ಹೈಡ್ರೋಜನ್ನಿನ ಕರೆಂಟ್ ಬಿಲ್ಲೇ 20,000 ರೂಪಾಯಿ ಹತ್ತಿರ. ಯೂನಿಟ್ ದರ 3ಕ್ಕೆ ಇಳಿದರೆ 12,000. ವ್ಯಾಪಾರ ಗಿಟ್ಟೋದು ಬಿಡೋದು ಈ ಎರಡು ರೂಪಾಯಿಯ ನಡುವೆ. ಅಮೋನಿಯಾಕ್ಕೆ ಇನ್ನೊಂದು ಅನುಕೂಲ, ಮೈನಸ್ 33 ಡಿಗ್ರಿಗೆ ದ್ರವ ಆಗುತ್ತೆ, ಟ್ಯಾಂಕರಿನಲ್ಲಿ ಹೋಗುತ್ತೆ.

ಇದರ ವಿಚಿತ್ರ ನೋಡಿ. ಹಸಿರು ಹೈಡ್ರೋಜನ್ ವಿದರ್ಭದಲ್ಲಿ ಮೊದಲು ಲಾಭ ಮಾಡಿದರೆ, ಅದು ಬಹುಶಃ ಕಲ್ಲಿದ್ದಲು ಗಣಿ ಸಿಡಿಸೋಕೆ ಹೋಗುತ್ತೆ. ನಗು ಬರುತ್ತೆ, ನಿಜ. ಆದರೆ ಎಂಪ್ರೆಸ್ ಮಿಲ್ಸ್ ಹತ್ತಿಯ ಪಕ್ಕ ಕೂತ ಹಾಗೆ ಹೈಡ್ರೋಜನ್ನೂ ತನ್ನ ಗಿರಾಕಿಯ ಪಕ್ಕ ಕೂರಬೇಕು. ರಫ್ತು ಅನ್ನೋದು ಕರಾವಳಿಯವರ ಮಾತು, ನಮ್ಮ ಮಂಗಳೂರು ಬೇಕಾದರೆ ಆಡಲಿ, ನಾಗಪುರಕ್ಕೆ ಅದು ಒಗ್ಗಲ್ಲ.

ಸಣ್ಣ ಉದ್ಯಮಿಗಳಿಗೆ ಇದರಲ್ಲಿ ಏನಿದೆ? ಎಲೆಕ್ಟ್ರೋಲೈಸರ್ ಕಟ್ಟೋದು ದೊಡ್ಡ ಬಂಡವಾಳದವರ ಆಟ. ಸಿಲಿಂಡರ್ ಪರೀಕ್ಷೆ, ವಾಲ್ವು, ಸೋರಿಕೆ ಪತ್ತೆ, ಕೆಲಸಗಾರರ ತರಬೇತಿ, ಇವು ಬೂಟಿಬೋರಿಯ ಒಂದು ಶೆಡ್ಡಿನಲ್ಲೂ ಆಗುತ್ತೆ, ಪೀಣ್ಯದಲ್ಲೂ ಆಗುತ್ತೆ. ನಿಯಮ ಬರೆಯುವ ಕಚೇರಿಯ ಊರಲ್ಲೇ ಇರೋದು ನಾಗಪುರದವರಿಗೆ ಮೇಲುಗೈ. ಅಮರಾವತಿ ರಸ್ತೆಯ ಗೋಂಡಖೈರಿಯಲ್ಲಿ ಇಲಾಖೆಯ ಪರೀಕ್ಷಾ ಕೇಂದ್ರವೂ ಇದೆ. ನಮಗೆ ಸ್ಫೋಟಕದ ಅನುಭವ ಇದೆ, ಹೈಡ್ರೋಜನ್ ಯಾವ ಲೆಕ್ಕ ಅನ್ನೋ ಮಾತು ಮಾತ್ರ ಯಾರ ಬಾಯಲ್ಲೂ ಬರಬಾರದು. 2023ರ ಡಿಸೆಂಬರ್ 17ರ ಬೆಳಗ್ಗೆ ನಾಗಪುರದ ಹತ್ತಿರದ ಬಾಜಾರಗಾಂವ್‌ನ ಸ್ಫೋಟಕ ಕಾರ್ಖಾನೆಯಲ್ಲಿ 9 ಜನ ಕಾರ್ಮಿಕರು ಸತ್ತರು, ಹೆಚ್ಚಿನವರು ಹೆಂಗಸರು. ಹೊಸ ಉದ್ಯಮ ಬಂದರೆ ಬಾಗಿಲಲ್ಲಿ ನಿಲ್ಲೋದು ಇಂಥವರೇ.

ಹೈಡ್ರೋಜನ್ನಿಗೆ ವಾಸನೆ ಇಲ್ಲ. ಗಾಳಿಯಲ್ಲಿ ಶೇಕಡ 4 ಸೇರಿದರೆ ಸಾಕು, ಹೊತ್ತಿಕೊಳ್ಳುತ್ತೆ, ಶೇಕಡ 75ರವರೆಗೂ. ಹಗಲು ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣೋದೇ ಕಷ್ಟ. ಅಮೆರಿಕದ ನಾಸಾದಲ್ಲಿ ರಾಕೆಟ್ಟಿಗೆ ಹೈಡ್ರೋಜನ್ ಬಳಸ್ತಿದ್ದ ಕಾಲದಲ್ಲಿ ತಂತ್ರಜ್ಞರು ಹುಲ್ಲಿನ ಪೊರಕೆಯನ್ನು ಮುಂದೆ ಹಿಡಿದುಕೊಂಡು ಪೈಪುಗಳ ನಡುವೆ ನಡೀತಿದ್ದರು. ಪೊರಕೆ ಹೊತ್ತಿಕೊಂಡರೆ ಅಲ್ಲಿ ಸೋರಿಕೆ ಇದೆ ಅಂತ. ಈಗ ಆ ಕೆಲಸಕ್ಕೆ ಸೆನ್ಸರ್‌ಗಳು ಬಂದಿವೆ. ಅವನ್ನು ಆಗಾಗ ಬಿಚ್ಚಿ, ಅಳತೆಯ ಗ್ಯಾಸ್ ಹಾಯಿಸಿ, ಸರಿಯಾಗಿ ಓದುತ್ತಾ ಅಂತ ನೋಡಿ, ಸಹಿ ಮಾಡಿ ಕೊಡುವ ಜನ ಬೇಕು.