ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಉಬುಂಟು: ಹೊಸಬರಿಗೆ ಕೈಪಿಡಿ

ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಶಾಲೆಗಳ ಹಳೆಯ ಕಂಪ್ಯೂಟರುಗಳ ಮಾತಿಗೆ ಬಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಭದ್ರತಾ ಚಿಪ್ ಬೇಕು, ಹಳೆಯ ಕಂಪ್ಯೂಟರುಗಳಲ್ಲಿ ಬಹಳಷ್ಟಕ್ಕೆ ಅದಿಲ್ಲ. ಯಂತ್ರ ಗಟ್ಟಿಯಾಗಿದ್ದರೂ ಮೂಲೆ ಸೇರುವ ಈ ಹೊತ್ತಿನಲ್ಲಿ ಉಬುಂಟುವಿನಂಥ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಮಾತು ಬರಲೇಬೇಕು. ಅದನ್ನು ಹಾಕುವುದು ಅರ್ಧ ದಿನದ ಕೆಲಸ. ಮುಂದಿನ ಒಂದು ತಿಂಗಳು ಕನ್ನಡದಲ್ಲಿ ನೆರವು ಸಿಕ್ಕರೆ ಮಾತ್ರ ಅದು ಯಂತ್ರದಲ್ಲಿ ಉಳಿಯುತ್ತದೆ.

ಏನಿದು?

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಮತ್ತು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್ ತಿರುಳು, ಇವೆರಡರ ಮೇಲೆ ನಿಂತದ್ದು ಉಬುಂಟು. ಮೊದಲ ಆವೃತ್ತಿ ಬಂದದ್ದು 2004ರ ಅಕ್ಟೋಬರ್‌ನಲ್ಲಿ. ಆವೃತ್ತಿಯ ಸಂಖ್ಯೆ 24.04 ಎಂದರೆ 2024ರ ಏಪ್ರಿಲ್ ಎಂದು ಓದಿಕೊಳ್ಳಬೇಕು. ಹೆಸರಿನ ಮುಂದೆ ಎಲ್‌ಟಿಎಸ್ ಎಂದಿದ್ದರೆ ಐದು ವರ್ಷ ಉಚಿತ ಅಪ್‌ಡೇಟ್ ಸಿಗುತ್ತದೆ. ಹೊಸಬರು ಎಲ್‌ಟಿಎಸ್ ಆವೃತ್ತಿಯನ್ನೇ ಹಾಕಿಕೊಳ್ಳಬೇಕು.

ನಮ್ಮ ಶಾಲೆಗಳಿಗೆ ಬಂದ ದಾರಿ

ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಪರಿಚಯವಾದದ್ದು 2011ರ ಸುಮಾರಿಗೆ ಶುರುವಾದ ವಿಷಯ ಶಿಕ್ಷಕರ ವೇದಿಕೆ, ಅಂದರೆ ಎಸ್‌ಟಿಎಫ್ ತರಬೇತಿಗಳಿಂದ. ಕೇಂದ್ರದ ಪ್ರೌಢಶಿಕ್ಷಣ ಯೋಜನೆ ಆರ್‌ಎಂಎಸ್‌ಎ, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಇದನ್ನು ನಡೆಸಿದವು. ಗಣಿತದ ಶಿಕ್ಷಕರು ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆದು ಕೋನ ಬದಲಿಸಿ ತೋರಿಸಲು ಕಲಿತರು. ಆಮೇಲೆ ತಂತ್ರಜ್ಞಾನದ ನೆರವಿನ ಕಲಿಕೆಗಾಗಿ ಬಂದ ಟಾಲ್ಪ್ ತರಬೇತಿಯಲ್ಲೂ ಉಬುಂಟು, ಲಿಬ್ರೆ ಆಫೀಸ್ ಇದ್ದವು.

ಗಡಿಯಾಚೆ ಕೇರಳ ಇನ್ನೂ ಮುಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕವೇ ಕನ್ನಡದಲ್ಲಿದೆ, ಶಾಲೆಯ ಕಂಪ್ಯೂಟರಿನಲ್ಲಿ ಓಡುವುದು ಲಿನಕ್ಸ್. ಅಲ್ಲಿ ಅದು ತರಗತಿಯ ಪಾಠ. ನಮ್ಮಲ್ಲಿ ಬಹುಮಟ್ಟಿಗೆ ಶಿಕ್ಷಕರ ತರಬೇತಿಯಾಗಿಯೇ ಉಳಿಯಿತು. ಕಲಿತವರಿಗೆ ವರ್ಗವಾದರೆ ಕಲಿಕೆಯೂ ಅವರ ಜೊತೆಗೇ ಹೋಗುತ್ತದೆ ಎಂಬುದು ನನ್ನ ದೊಡ್ಡ ಕೊರಗು.

ಹಾಕುವ ಮುನ್ನ

ಯಂತ್ರದಲ್ಲಿ 4 ಜಿಬಿ ರ್‍ಯಾಮ್ ಇದ್ದರೆ ಉಬುಂಟು ನಡೆಯುತ್ತದೆ, ನಿಧಾನವಾಗಿ. ಅಷ್ಟೇ ಇದ್ದರೆ ಅಥವಾ ಕಡಿಮೆಯಿದ್ದರೆ ಲುಬುಂಟು, ಇಲ್ಲವೇ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆಯೇ ವೈಫೈ, ಶಬ್ದ, ಪ್ರಿಂಟರ್ ಪರೀಕ್ಷಿಸಬಹುದು. ಇದನ್ನು ಬಿಟ್ಟು ನೇರ ಇನ್‌ಸ್ಟಾಲ್‌ಗೆ ಕೈಹಾಕಬೇಡಿ. ಕಡತಗಳ ಪ್ರತಿ ಬೇರೆಡೆ ಇಟ್ಟುಕೊಂಡೇ ಮುಂದುವರಿಯಿರಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಬಳಸುವ ಕಚೇರಿಯ ಯಂತ್ರ ಇವುಗಳನ್ನು ಸದ್ಯಕ್ಕೆ ಮುಟ್ಟದಿರುವುದೇ ಒಳ್ಳೆಯದು.

ಕನ್ನಡ ಟೈಪಿಂಗ್: ಇಲ್ಲಿ ಎಡವಿದರೆ ಎಲ್ಲವೂ ಎಡವಿದಂತೆ

ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೈ ಪಳಗಿದವರು ಮೊದಲು ಕೇಳುವುದೇ 'ಇದರಲ್ಲಿ ನುಡಿ ಬರುತ್ತಾ ಸಾರ್?' ಎಂದು. ನುಡಿ ತಂತ್ರಾಂಶ ಬರುವುದಿಲ್ಲ, ಆದರೆ ಅದರ ಕೀಲಿಮಣೆ ವಿನ್ಯಾಸ ಇದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಲಿನಕ್ಸ್ ಒಳಗೇ ಕೂತಿದೆ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದು, ಇನ್‌ಪುಟ್ ಸೋರ್ಸ್‌ಗೆ ಕನ್ನಡ ಕಗಪ ಸೇರಿಸಿದರಾಯಿತು. ಒತ್ತಕ್ಷರಕ್ಕೆ ನುಡಿಯಲ್ಲಿದ್ದಂತೆಯೇ ಎಫ್ ಕೀ. ವಿಂಡೋಸ್ ಗುರುತಿನ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ಗೆ ವಾಪಸ್. ಆಂಧ್ರದ ನಡುವೆ ಚಾಚಿಕೊಂಡಿರುವ ಪಾವಗಡದಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ. ಅಲ್ಲಿ ತೆಲುಗನ್ನೂ ಮೂರನೆಯದಾಗಿ ಸೇರಿಸಿಕೊಟ್ಟರೆ ಹೊಸಬರಿಗೆ ಯಂತ್ರ ತಮ್ಮದೆನಿಸುತ್ತದೆ.

ಎರಡನೆಯ ತೊಡಕು ಹಳೆಯ ಕಡತಗಳದು. ವರ್ಷಗಟ್ಟಲೆ ನುಡಿಯಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆ ಲಿಬ್ರೆ ಆಫೀಸಿನಲ್ಲಿ ತೆರೆದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಕಡತ ಕೆಟ್ಟಿಲ್ಲ. ಹಳೆಯ ನುಡಿ ಫಾಂಟು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿತ್ತು. ಫಾಂಟು ಇಲ್ಲದಾಗ ಒಳಗಿನದು ಹೊರಬೀಳುತ್ತದೆ. ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ತಿದ್ದಬೇಕು.

ಮೊದಲ ತಿಂಗಳ ತೊಂದರೆಗಳು

ಒಂದೇ ಯಂತ್ರದಲ್ಲಿ ವಿಂಡೋಸೂ ಉಬುಂಟುವೂ ಇದ್ದರೆ, ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಓಡುತ್ತಿರುತ್ತದೆ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಸ್ಥಳೀಯ ಸಮಯ ಇಡುವಂತೆ ಲಿನಕ್ಸ್‌ಗೆ ಒಂದೇ ಆಜ್ಞೆಯಲ್ಲಿ ಹೇಳಬಹುದು. ಡಿ ಡ್ರೈವ್ ತೆರೆದರೂ ಉಳಿಸಲು ಬಿಡುತ್ತಿಲ್ಲವೆಂದರೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಹಳೆಯ ಯಂತ್ರದಲ್ಲಿ ಯಾವ ವೆಬ್‌ಸೈಟೂ ಸುರಕ್ಷಿತವಲ್ಲ ಎಂದು ಬ್ರೌಸರ್ ಹಟ ಹಿಡಿದರೆ ಇಂಟರ್ನೆಟ್ ಬೈಯುವ ಮುಂಚೆ ದಿನಾಂಕ ನೋಡಿ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು ಯಂತ್ರ ಹಳೆಯ ಯಾವುದೋ ವರ್ಷದಲ್ಲಿ ಇರುತ್ತದೆ. ಹೊಸ ಬ್ಯಾಟರಿ ಹಾಕಿ ದಿನಾಂಕ ತಿದ್ದಿದರೆ ಸರಿಹೋಗುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಕಪ್ಪು ಪರದೆಯಲ್ಲಿ ಇನಿಟ್‌ರ್‍ಯಾಮ್‌ಎಫ್‌ಎಸ್ ಎಂಬ ಪದ ಕಂಡರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ಡಿಸ್ಕಿನ ಯಾವ ಭಾಗ ಪರೀಕ್ಷೆಯಾಗಬೇಕೆಂದು ಸಾಮಾನ್ಯವಾಗಿ ಪರದೆಯೇ ಹೇಳುತ್ತದೆ. ಎಫ್‌ಎಸ್‌ಸಿಕೆ ಆಜ್ಞೆಯನ್ನು ಆ ಭಾಗದ ಹೆಸರಿನೊಡನೆ ಕೊಟ್ಟರೆ ಬಹುತೇಕ ಸಲ ಯಂತ್ರ ಎದ್ದು ಕೂರುತ್ತದೆ. ಯುಪಿಎಸ್ ಇಲ್ಲದ ಲ್ಯಾಬಿನಲ್ಲಿ ಅಪ್‌ಡೇಟ್‌ಗಳನ್ನು ಕರೆಂಟ್ ಖಾತ್ರಿಯಿರುವ ಹೊತ್ತಿನಲ್ಲೇ ಮಾಡಿ.

ಪ್ರಿಂಟರ್ ಬಗ್ಗೆ ಮೊದಲೇ ವಿಚಾರಿಸಿ. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪಿಲಿಪ್ ಡ್ರೈವರ್ ಜೊತೆ ಕಂಪನಿಯ ಪ್ಲಗಿನ್ ಇಳಿಸಿಕೊಳ್ಳಬೇಕು, ಆಮೇಲೆ ತಕರಾರಿಲ್ಲ. ಡಿಟಿಪಿ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಡ್ರೈವರ್ ಕೂರಿಸುವುದು ತಾಳ್ಮೆಯ ಕೆಲಸ. ಹೊಸಬರ ತಲೆಗೆ ಅದನ್ನು ಕಟ್ಟದೆ, ಪಿಡಿಎಫ್ ಮಾಡಿ ಬೇರೆ ಯಂತ್ರದಲ್ಲಿ ಮುದ್ರಿಸಲು ಹೇಳುವುದೇ ಮೇಲು.

ನೆರವು ಕೊಡುವವರಿಗೆ

'ಓಪನ್ ಆಗ್ತಿಲ್ಲ' ಎಂಬ ಒಂದೇ ಮಾತಿನಿಂದ ಮಧುಗಿರಿಯಲ್ಲಿ ಕೂತವರು ಪಾವಗಡದ ಹಳ್ಳಿಯ ಯಂತ್ರ ಸರಿಮಾಡಲಾರರು. ಪರದೆಯ ಫೋಟೋ, ದೋಷದ ಸಾಲು ಪೂರ್ತಿ, ತೊಂದರೆಗೆ ಸ್ವಲ್ಪ ಮುಂಚೆ ಏನು ಮಾಡಿದ್ದರು ಎಂಬುದು, ಈ ಮೂರನ್ನು ಕೇಳಿ ಪಡೆಯಿರಿ. ಪಕ್ಕದಲ್ಲೇ ಕೂತಿದ್ದರೆ ಮೌಸ್ ಕಿತ್ತುಕೊಳ್ಳಬೇಡಿ. ಅವರ ಕೈಯಿಂದಲೇ ಮಾಡಿಸಿ. ಟರ್ಮಿನಲ್ಲಿನಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಸಾಮಾನ್ಯವಾಗಿ ಒಂದು ಚುಕ್ಕೆಯೂ ಮೂಡುವುದಿಲ್ಲ, ಕೀಬೋರ್ಡ್ ಕೆಟ್ಟಿತೆಂದು ಹೊಸಬರು ನಿಲ್ಲಿಸಿಬಿಡುತ್ತಾರೆ. ಅದನ್ನು ಮೊದಲೇ ತಿಳಿಸಿ. ಸರಿಹೋದ ಮೇಲೆ ತೊಂದರೆ ಮತ್ತು ಪರಿಹಾರವನ್ನು ಕನ್ನಡದಲ್ಲಿ ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಅವರಿಂದಲೇ ಬರೆಸಿ, ವರ್ಗವಾಗಿ ಬರುವ ಮುಂದಿನ ಶಿಕ್ಷಕರಿಗೆ ಆ ನೋಟ್‌ಬುಕ್ ಬೇಕಾಗುತ್ತದೆ.