ನಂಬಿಕೆಯ ಹೆಸರು ಹೊತ್ತ ಬೀರು

ನಮ್ಮ ಮನೆಯ ಸಾಮಾನುಗಳಲ್ಲಿ ಕೆಲವು ಹೆಸರಿನೊಡನೆ ಕಡಲು ದಾಟಿ ಬಂದವು. ಅಲಮಾರು ಎಂಬ ಮಾತು ಪೋರ್ಚುಗೀಸರದು. ಬೀರು ಎಂಬುದರ ಮೂಲ ಫ್ರೆಂಚರ ಬ್ಯೂರೊ. ಇದೇ ಬಳಗದ್ದಾದರೂ ನಮ್ಮ ನಾಲಗೆಗೆ ಇನ್ನೂ ಪಳಗದ ಹೆಸರೊಂದುಂಟು: ಕ್ರೆಡೆಂಜ. ಸೊಂಟದೆತ್ತರದ, ಗೋಡೆಗೊತ್ತಿ ನಿಲ್ಲುವ ಉದ್ದನೆಯ ಬೀರು ಅದು. ಕೆಳಗೆ ಬಾಗಿಲುಗಳು, ಅವುಗಳ ಮೇಲೊಂದು ಸಾಲು ಡ್ರಾಯರು, ಎಲ್ಲಕ್ಕೂ ಮೇಲೆ ಹೂದಾನಿಯನ್ನೋ ರೇಡಿಯೋವನ್ನೋ ಇಡಬಹುದಾದ ಸಮತಟ್ಟು ಹಲಗೆ. ಹಳೆಯದೊಂದನ್ನು ಕೊಂಡು ನಡುಮನೆಯಲ್ಲಿ ಇರಿಸಬೇಕೆಂದು ಆಸೆಪಡುವವರು ನಮ್ಮ ಪಟ್ಟಣಗಳಲ್ಲಿಯೂ ಇದ್ದಾರೆ. ಬೆಲೆ ಎಷ್ಟು ಎಂದು ಅವರು ಮೊದಲು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ನಂಬಬಹುದೆ ಎಂಬುದು. ಆ ಪ್ರಶ್ನೆ ಈ ಬೀರುವಿನ ಹೆಸರಿನಲ್ಲಿಯೇ ಅಡಗಿದೆ.

ಕ್ರೆಡೆಂಜ ಇಟಾಲಿಯನ್ ಮಾತು. ನಂಬು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ್ದು. ದೊರೆಗಳಿಗೂ ಸಿರಿವಂತರಿಗೂ ವಿಷದ ಭಯ ತಪ್ಪದಿದ್ದ ಕಾಲವದು. ಒಡೆಯನ ಮುಂದಿಡುವ ಮೊದಲು ಅನ್ನಪಾನಗಳನ್ನು ಸೇವಕನೊಬ್ಬ ರುಚಿ ನೋಡಬೇಕಾಗಿತ್ತು. ಈ ಪರೀಕ್ಷೆಗೆ 'ಕ್ರೆಡೆಂಜ ಮಾಡುವುದು' ಎಂದು ಹೆಸರು. ಎಂದರೆ ನಂಬಿಕೆ ಹುಟ್ಟಿಸುವುದು. ಕಾಲಕ್ರಮದಲ್ಲಿ ಪರೀಕ್ಷೆಯ ಹೆಸರು ಅದು ನಡೆಯುತ್ತಿದ್ದ ಮೇಜಿಗೆ ಅಂಟಿಕೊಂಡಿತು.

ಹದಿನಾರನೆಯ ಶತಮಾನದ ಹೊತ್ತಿಗೆ ಈ ಮೇಜು ವೈಭವವನ್ನು ಮೆರೆಸುವ ಜಾಗವಾಗಿತ್ತು. ಮಾಂಟುವ ನಗರದ ತೆ ಅರಮನೆಯಲ್ಲಿ ಜೂಲಿಯೊ ರೊಮಾನೊ 1526ರಿಂದ 1528ರ ಅವಧಿಯಲ್ಲಿ ಚಿತ್ರಿಸಿದ ಔತಣದ ಭಿತ್ತಿಚಿತ್ರದಲ್ಲಿ ಬೆಳ್ಳಿಬಂಗಾರದ ಪಾತ್ರೆಗಳನ್ನು ಜೋಡಿಸಿಟ್ಟ ಕ್ರೆಡೆಂಜವನ್ನು ಇಂದಿಗೂ ನೋಡಬಹುದು. ಆ ಮೇಜಿನ ಮೇಲಿಡುವ ಪಾತ್ರೆಗಳ ಕಟ್ಟಿಗೂ ಅದೇ ಹೆಸರು ಬಂದಿತು. ಉರ್ಬಿನೊದ ಡಚೆಸ್ ಎಲಿಯೊನೊರ 1524ರಲ್ಲಿ ತನ್ನ ತಾಯಿ ಇಸಬೆಲ್ಲಾ ದೆಸ್ತೆಗೆ ಬಣ್ಣದ ಮಣ್ಣಿನ ಪಾತ್ರೆಗಳ ಕಟ್ಟೊಂದನ್ನು ಮಾಡಿಸಿ, ಪತ್ರದಲ್ಲಿ ಅದನ್ನು ಕ್ರೆಡೆಂಜ ಎಂದೇ ಕರೆದಳು. ಪೋಪರ ಅಡಿಗೆಯವನಾಗಿದ್ದ ಬಾರ್ತೊಲೊಮೆಯೊ ಸ್ಕಾಪಿ 1570ರಲ್ಲಿ ಅಚ್ಚುಹಾಕಿಸಿದ ಪಾಕಗ್ರಂಥದಲ್ಲಿ ಊಟದ ಬಡಿಕೆಗಳು ಎರಡು ಬಗೆ: ಅಡಿಗೆಮನೆಯಿಂದ ಬಿಸಿಯಾಗಿ ಬರುವುದು ಒಂದು, ಕ್ರೆಡೆಂಜದಿಂದ ತಣ್ಣಗೆ ಬರುವುದು ಇನ್ನೊಂದು.

ಬಟ್ಟೆ ಹಾಸಿದ ಮೇಜಿನ ಕೆಳಗೆ ಹಲಗೆಯ ಗೋಡೆ, ಬಾಗಿಲು, ಬೀಗ ಸೇರಿದವು. ಹೀಗೆ ಆಕ್ರೋಟು ಮರದ ಇಟಲಿಯ ಕ್ರೆಡೆಂಜ ರೂಪುಗೊಂಡಿತು. ಭಾರವಾದ ಮೈ, ಮುಂಭಾಗದಲ್ಲಿ ಗೋಡೆಗಂಬಗಳಂತಹ ಕೆತ್ತನೆ, ಎಷ್ಟೋ ಸಲ ಸಿಂಹದ ಪಂಜದಾಕಾರದ ಕಾಲು. ಮೂರು ಶತಮಾನಗಳ ಬಳಿಕ ಇಂಗ್ಲೆಂಡು, ಫ್ರಾನ್ಸುಗಳಲ್ಲಿ ಇದೇ ಹೆಸರಿಗೆ ಬೇರೊಂದು ವೇಷ ಬಂದಿತು. ವಿಕ್ಟೋರಿಯ ರಾಣಿಯ ಕಾಲದ ಆ ಕ್ರೆಡೆಂಜದ ಎರಡು ಅಂಚುಗಳಲ್ಲಿ ಬಾಗಿದ ಗಾಜು. ಮೈಮೇಲೆ ಬಣ್ಣಬಣ್ಣದ ಮರದ ಚೂರುಗಳ ಹೂಬಳ್ಳಿ. ಅಲ್ಲಲ್ಲಿ ಹೊಂಬಣ್ಣದ ಲೋಹದ ಅಲಂಕಾರ. ಅದು ವಿರಾಮಕೊಠಡಿಯ ಒಡವೆ. ಊಟದ ನೆನಪು ಅದರಲ್ಲಿ ಉಳಿದಿರಲಿಲ್ಲ.

ಇನ್ನು ನಂಬಿಕೆ ಕೆಟ್ಟ ಕಥೆ. ಫ್ಲಾರೆನ್ಸಿನ ಪ್ರಾಚೀನ ವಸ್ತುಗಳ ವ್ಯಾಪಾರಿ ಎಲಿಯ ವೊಲ್ಪಿ 1904ರಲ್ಲಿ ದಾವಾಂಜಾತಿ ಎಂಬ ಹಳೆಯ ಅರಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, ಹಳೆಯ ಕಾಲದ ಮನೆಯೊಂದರಂತೆ ಸಾಮಾನು ತುಂಬಿ, 1910ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದನು. 1916ರಲ್ಲಿ ಆ ಸಾಮಾನುಗಳನ್ನು ನ್ಯೂಯಾರ್ಕಿನಲ್ಲಿ ಹರಾಜು ಹಾಕಿದನು. ಅಮೆರಿಕದ ಶ್ರೀಮಂತರಿಗೆ ಫ್ಲಾರೆನ್ಸಿನ ಬೀರು, ಪೆಟ್ಟಿಗೆ, ಕುರ್ಚಿಗಳ ಹುಚ್ಚು ಹಿಡಿಯಿತು. ಆದರೆ ಹದಿನಾರನೆಯ ಶತಮಾನದವರು ಮಾಡಿಟ್ಟುಹೋದ ಕ್ರೆಡೆಂಜಗಳು ಎಷ್ಟಿದ್ದಾವು? ಹಳೆಯ ಶೈಲಿಯನ್ನು ಅನುಕರಿಸುವ ಕಾರ್ಖಾನೆಗಳು ಇಟಲಿಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಇದ್ದವು. ಹಳೆಯ ಪೆಟ್ಟಿಗೆಯ ಮುಖ, ಇನ್ನೆಲ್ಲಿಯದೋ ಬಾಗಿಲು, ಮುರಿದ ಮನೆಯ ತೊಲೆ ಎಲ್ಲ ಸೇರಿ ಹೊಸದೊಂದು 'ಪ್ರಾಚೀನ' ಬೀರು ಏಳುತ್ತಿತ್ತು. ದಾವಾಂಜಾತಿ ಅರಮನೆಯನ್ನು ಇಟಲಿಯ ಸರ್ಕಾರ 1951ರಲ್ಲಿ ಪಡೆದು 1956ರಲ್ಲಿ ಮತ್ತೆ ಸಂಗ್ರಹಾಲಯ ಮಾಡಿತು. ಆದರೆ ಊರೂರಿಗೆ ಚೆದುರಿದ ಜೋಡಣೆಯ ಬೀರುಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇವೆ.

ಆದುದರಿಂದ ನಾವೂ ರುಚಿ ನೋಡಿಯೇ ನಂಬಬೇಕು. ಬೀರುವಿನ ಮುಖಕ್ಕೆ ಮರುಳಾಗದೆ ಡ್ರಾಯರನ್ನು ಹೊರಗೆಳೆದು ಬೋರಲು ಹಾಕಿ. ನೂರಾರು ವರ್ಷ ಎಳೆದು ತಳ್ಳಿದ್ದಾದರೆ ಅದರ ಅಂಚು ಸವೆದಿರುತ್ತದೆ. ಅದು ಜಾರುವ ಪಟ್ಟಿಯೂ ಅದಕ್ಕೆ ತಕ್ಕಂತೆ ಸವೆದಿರಬೇಕು. ಒಂದು ಸವೆದು ಇನ್ನೊಂದು ಹೊಸದಾಗಿದ್ದರೆ ಕಾರಣ ಕೇಳಿ. ಡ್ರಾಯರಿನ ಮೂಲೆಯಲ್ಲಿ ಬೀಸಣಿಗೆಯಂತೆ ಅಗಲಿಸಿ ಕಚ್ಚಿಸಿದ ಸಂದುಗಳನ್ನು ನೋಡಿ: ಕೈಯಲ್ಲಿ ಕೊಯ್ದವು ಒಂದರಂತೆ ಒಂದಿರುವುದಿಲ್ಲ, ಯಂತ್ರ ಕೊಯ್ದವು ಅಚ್ಚುಹಾಕಿದಂತಿರುತ್ತವೆ. ಹಿಂಬದಿಯ ಹಲಗೆಯ ಮೇಲೆ ಬಿಲ್ಲಿನಂತೆ ಬಾಗಿದ ಗರಗಸದ ಗೀರುಗಳಿದ್ದರೆ ಅದನ್ನು ಸೀಳಿದ್ದು ಚಕ್ರಗರಗಸ. ಅಂತಹ ಹಲಗೆಯನ್ನು ಹದಿನಾರನೆಯ ಶತಮಾನದ್ದೆಂದು ಹೇಳಿದರೆ ನಂಬಬೇಡಿ. ಚೂಪು ತುದಿಯ ತಿರುಪುಮೊಳೆ ಬಳಕೆಗೆ ಬಂದದ್ದು 1850ರ ಸುಮಾರಿನಲ್ಲಿ. ಅದಕ್ಕೂ ಹಿಂದಿನವು ಮೊಂಡು.

ಕುಟ್ಟೆಹುಳುವೂ ಸಾಕ್ಷಿ ನುಡಿಯುತ್ತದೆ. ಹುಳು ಮರದೊಳಗೆ ಸುರಂಗ ಕೊರೆದು, ಹೊರಬೀಳುವಾಗ ಮೇಲ್ಮೈಯಲ್ಲಿ ಗುಂಡಗಿನ ತೂತನ್ನಷ್ಟೇ ಬಿಡುತ್ತದೆ. ತೂತಿನ ಬದಲು ಸುರಂಗವೇ ಕಾಲುವೆಯಂತೆ ತೆರೆದು ಕಂಡರೆ, ಹುಳು ತಿಂದ ಹಳೆಯ ಮರವನ್ನು ಆಮೇಲೆ ಕೊಯ್ದಿದ್ದಾರೆ ಅಥವಾ ಹೆರೆದಿದ್ದಾರೆ ಎಂದರ್ಥ. ತೂತುಗಳಿಂದ ಬಿಳಿಚಿದ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ. ಅದನ್ನು ಮನೆಗೆ ತರುವುದು ಉಳಿದ ಸಾಮಾನಿಗೂ ಅಪಾಯ.

ಸಾಮಾನ್ಯವಾಗಿ ನೂರು ವರ್ಷ ದಾಟಿದ್ದನ್ನು ಪ್ರಾಚೀನವೆನ್ನುತ್ತಾರೆ. ನಮ್ಮ ದೇಶದ 1972ರ ಕಾಯಿದೆಯೂ ಹೆಚ್ಚಿನ ಪ್ರಾಚೀನ ವಸ್ತುಗಳಿಗೆ ಅದೇ ಗಡಿಯನ್ನು ಇಟ್ಟಿದೆ. ಅಷ್ಟು ಹಳೆಯದಲ್ಲದೆಯೂ ಒಳ್ಳೆಯದಾದ ಬೀರುಗಳುಂಟು. 1950-60ರ ದಶಕಗಳಲ್ಲಿ ಡೆನ್ಮಾರ್ಕಿನ ಆರ್ನೆ ವೊಡರ್ ಮೊದಲಾದವರು ರೂಪಿಸಿದ ತೇಗದ ಬೀರುಗಳು ಕೆತ್ತನೆಯನ್ನು ಬಿಟ್ಟುಕೊಟ್ಟು, ಮರದ ಎಳೆಯ ಚೆಲುವನ್ನೇ ನಂಬಿ ನಿಂತವು. ಇವು ಇಡೀ ತೇಗವೆಂದು ಮಾರುವವರು ಹೇಳುವುದುಂಟು. ಬಹುಪಾಲು ಬೇರೆ ಹಲಗೆಯ ಮೇಲೆ ತೇಗದ ತೆಳುಪದರ ಅಂಟಿಸಿದಂತಹವು. ಅದರಲ್ಲಿ ಮೋಸವಿಲ್ಲ, ಆ ಕಾಲದ ಕೆಲಸದ ರೀತಿಯೇ ಹಾಗೆ. ಆದರೆ ಹೊಳಪು ಬರಿಸಲೆಂದು ಉಜ್ಜುಕಾಗದ ಹಿಡಿದರೆ ಪದರ ಹರಿದು ಅಡಿಯ ಹಲಗೆ ಕಾಣಿಸುತ್ತದೆ. ಇದೇ ಬಗೆಯಲ್ಲಿ ಬ್ರೆಜಿಲಿನ ಬೀಟೆಯವೂ ಇವೆ. ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಿಂದ ಕಟ್ಟುನಿಟ್ಟಾದ ತಡೆಯುಂಟು. ನಮ್ಮ ಮಲೆನಾಡಿನ ಬೀಟೆಯೂ ಸೇರಿದ ಆ ಇಡೀ ಕುಲವನ್ನು 2017ರಲ್ಲಿ ಪರವಾನಗಿಯ ವ್ಯವಸ್ಥೆಗೆ ತಂದರು. ಹೊರದೇಶದಿಂದ ತರಿಸುವವರು ಕಾಗದಪತ್ರ ಕೇಳಲೇಬೇಕು.

ದುರಸ್ತಿಯಾದ ಬೀರುವನ್ನು ಹಾಗೆಂದೇ ತಳ್ಳಿಹಾಕಬೇಕಾಗಿಲ್ಲ. ನಾನೂರು ವರ್ಷ ಬಾಳಿದ ಬೀರುವಿಗೆ ಹೊಸ ಕೀಲು, ಹೊಸ ಕಾಲು ಹಾಕಿದ್ದರೆ ಆಶ್ಚರ್ಯವೇನು? ಹಾಕಿದ್ದನ್ನು ಮುಚ್ಚಿಟ್ಟು ಬೆಲೆ ಕೇಳುವುದಷ್ಟೇ ತಪ್ಪು. ಹತ್ತೊಂಬತ್ತನೆಯ ಶತಮಾನದ ಅನುಕರಣೆಯನ್ನು ಅನುಕರಣೆಯೆಂದೇ ತಿಳಿದು, ಅದಕ್ಕೆ ತಕ್ಕ ಬೆಲೆಗೆ ಕೊಂಡವನು ಮೋಸಹೋದವನಲ್ಲ. ಗೋಡೆಯ ಉದ್ದವನ್ನೂ ಬಾಗಿಲಿನ ಅಗಲವನ್ನೂ ಮೊದಲೇ ಅಳೆದುಕೊಂಡು, ಜೊತೆಗೆ ಪರಿಚಯದ ಬಡಗಿಯೊಬ್ಬರನ್ನು ಕರೆದೊಯ್ಯಿರಿ. ಮಾರುವವರು ಡ್ರಾಯರನ್ನು ತಾವಾಗಿಯೇ ತೆಗೆದು ತೋರಿಸಿದರೆ ಮಾತು ಮುಂದುವರಿಯಲಿ. ಗೋಡೆಯಿಂದ ಸರಿಸಲು ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಒಡೆಯನ ತಟ್ಟೆಯನ್ನು ಮೊದಲು ರುಚಿ ನೋಡಿದ ಆ ಹಳೆಯ ಸೇವಕನೂ ಇಷ್ಟನ್ನೇ ಮಾಡುತ್ತಿದ್ದನು.