ಸಿಪ್ಪೆ ಸಂತೆಗೆ, ಬೀಜ ಅಡುಗೆಮನೆಗೆ: ಉಪ್ಪಾಗೆ ತುಪ್ಪದ ಕಥೆ

ತುಪ್ಪವೆಂದರೆ ಹಸು, ಎಮ್ಮೆಗಳ ಹಾಲಿನಿಂದ ಬರುವಂಥದ್ದು. ಅದು ಮರದಿಂದಲೂ ಬರುತ್ತದೆ ಎಂದರೆ ಬಯಲುಸೀಮೆಯವರು ಸುಲಭಕ್ಕೆ ನಂಬಲಿಕ್ಕಿಲ್ಲ. ಆದರೆ ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆ, ಅಲ್ಲಿಂದಾಚೆಗಿನ ಕೊಪ್ಪ, ನರಸಿಂಹರಾಜಪುರಗಳ ಹಿರಿಯರಿಗೆ 'ಉಪ್ಪಾಗೆ ತುಪ್ಪ' ಹೊಸ ಮಾತಲ್ಲ.

ಉಪ್ಪಾಗೆ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ಪುಟ್ಟ ಕುಂಬಳಕಾಯಿಯಂತೆ ಏಣುಗಳಿರುವ ಇದರ ಕಾಯಿ ಮಳೆಗಾಲದಲ್ಲಿ ಹಳದಿಯಾಗಿ ಹಣ್ಣಾಗುತ್ತದೆ. ಕೊಡಗಿನ ಕಾಚಂಪುಳಿ, ಕೇರಳದ ಮೀನು ಸಾರಿಗೆ ಬೀಳುವ ಕುಡಂಪುಳಿ ಎರಡೂ ಇದೇ ಹಣ್ಣಿನವು. ಹುಳಿಯೆಲ್ಲ ಸಿಪ್ಪೆಯಲ್ಲಿದ್ದರೆ, ಜಿಡ್ಡು ಇರುವುದು ಬೀಜದಲ್ಲಿ. ಬೀಜದ ತೂಕದ ಸುಮಾರು ಮೂರನೇ ಒಂದು ಪಾಲು ಕೊಬ್ಬೇ.

ಮಲೆನಾಡಿಗರು ಈ ಬೀಜದ ಕಡೆ ನೋಡಿದ್ದಕ್ಕೆ ಕಾರಣವಿತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲಕ್ಕೆ ಎಳ್ಳು, ಶೇಂಗಾ ಒಗ್ಗುವುದಿಲ್ಲ. ಕೊಟ್ಟಿಗೆಯ ಮಲೆನಾಡು ಗಿಡ್ಡ ಹಸು ಮಳೆಯನ್ನು ತಡೆದುಕೊಳ್ಳುತ್ತದೆ, ಆದರೆ ಕೊಡುವ ಹಾಲು ಅಲ್ಪ. ಹೊರಗಿನಿಂದ ತರುವ ಎಣ್ಣೆಗೆ ಕಾಸು ಬೇಕು. ಹೀಗಾಗಿ ಕಾಡಿನ ಬೀಜವೇ ಜಿಡ್ಡಿನ ಆಸರೆಯಾಯಿತು.

ತುಪ್ಪ ತೆಗೆಯುವ ಕ್ರಮ ಸರಳ, ಆದರೆ ಶ್ರಮದ್ದು. ಒಣಗಿಸಿದ ಬೀಜವನ್ನು ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲುವ ಜಿಡ್ಡು ಆರಿದಾಗ ಹೆಪ್ಪುಗಟ್ಟುತ್ತದೆ. ಅದನ್ನು ಎತ್ತಿ ಮತ್ತೆ ಕಾಯಿಸಿ ನೀರಿನಂಶ ತೆಗೆದರೆ ತುಪ್ಪ ಸಿದ್ಧ. ಹೀಗೆ ಗಟ್ಟಿಯಾಗುವುದರಿಂದಲೇ ಇದಕ್ಕೆ ಎಣ್ಣೆಯೆನ್ನದೆ ತುಪ್ಪವೆಂಬ ಹೆಸರು.

ಅಡುಗೆಯ ಜಾಣ್ಮೆಯೂ ಈ ಗುಣದಲ್ಲೇ ಇದೆ. ಇದೇ ಕುಲದ ಮುರುಗಲ ಬೀಜದ ತುಪ್ಪ ಕರಗಲು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ಇಂಥ ಜಿಡ್ಡು ಆರಿದರೆ ಬಾಯಿಯ ಅಂಗಳಕ್ಕೆ ಅಂಟುತ್ತದೆ. ಆದ್ದರಿಂದ ಕಾವಲಿಯಿಂದ ನೇರ ಎಲೆಗೆ ಬರುವ ದೋಸೆ, ಅಕ್ಕಿ ರೊಟ್ಟಿಗೆ ಇದು ಹೇಳಿಸಿದ್ದು. ಹಬೆಯಾಡುವ ಕಡುಬಿನ ಮೇಲೆ ಕರಗಿಸಿ ಸುರಿಯಬಹುದು, ಕುದಿಯುವ ಸಾರಿಗೆ ಒಗ್ಗರಣೆ ಕೊಡಬಹುದು. ತಣ್ಣಗೆ ತಿನ್ನುವ ಚಿತ್ರಾನ್ನಕ್ಕೆ, ಬುತ್ತಿಗೆ ಮಾತ್ರ ಸಲ್ಲದು.

ಈ ಬಳಕೆಗೆ ಪೆಟ್ಟು ಬಿದ್ದದ್ದು ಬೀಜದಿಂದಲ್ಲ, ಸಿಪ್ಪೆಯಿಂದ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು ಗುರುತಿಸಿದರು. ಅದು ಬೊಜ್ಜು ಕರಗಿಸುತ್ತದೆಂಬ ಪ್ರಚಾರ ಹಬ್ಬಿ, 1990ರ ದಶಕದಲ್ಲಿ ಒಣಸಿಪ್ಪೆಗೆ ವಿದೇಶದಿಂದ ಬೇಡಿಕೆ ಬಂತು, ಬೆಲೆ ಏರಿತು. ಬೇರೆಯವರಿಗಿಂತ ಮೊದಲು ಕೊಯ್ಯುವ ಆತುರದಲ್ಲಿ ಎಳೆಗಾಯಿಗಳೂ ಬುಟ್ಟಿ ಸೇರಿದವು. ಮಳೆಯಲ್ಲಿ ಬಿಸಿಲಿಲ್ಲದ್ದರಿಂದ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು.

1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. 135 ಮಂದಿಯನ್ನು ಎರಡು ಗುಂಪು ಮಾಡಿ 12 ವಾರ ನಡೆಸಿದ ಆ ಪರೀಕ್ಷೆಯಲ್ಲಿ, ಉಪ್ಪಾಗೆ ಸಾರ ಸೇವಿಸಿದವರ ತೂಕ ಹುಸಿಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ಇಳಿದಿರಲಿಲ್ಲ.

ಬೀಜದ ಜಿಡ್ಡಿಗೆ ಬೆಲೆಯಿಲ್ಲ ಎನ್ನುವಂತಿಲ್ಲ. 2000ನೇ ಇಸವಿಯಲ್ಲಿ ಐರೋಪ್ಯ ಒಕ್ಕೂಟ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆ ಸೇರಿಸಲು ಅನುಮತಿಸಿದ ಆರು ಸಸ್ಯಜನ್ಯ ಕೊಬ್ಬುಗಳಲ್ಲಿ ಮುರುಗಲ ತುಪ್ಪವೂ ಒಂದು. ಉಪ್ಪಾಗೆಗೆ ಆ ಭಾಗ್ಯ ಬಂದಿಲ್ಲ.

ಎಳೆಗಾಯಿಯ ಸಿಪ್ಪೆ ಮಾರಾಟವಾದೀತು, ಆದರೆ ಬಲಿಯದ ಬೀಜದಲ್ಲಿ ಜಿಡ್ಡು ತುಂಬಿರುವುದಿಲ್ಲ. ಅದು ಮೊಳೆಯುವುದೂ ಇಲ್ಲ. ತುಪ್ಪ ಬೇಕಾದ ಮನೆಯವರು ಹಣ್ಣಾಗುವ ತನಕ ಕಾಯಲೇಬೇಕಿತ್ತು. ಆ ಕಾಯುವಿಕೆಯಲ್ಲಿ ಮರದಡಿ ಉದುರಿ ಉಳಿದ ಬೀಜಗಳಿಂದ ಕಾಡಿನಲ್ಲಿ ಹೊಸ ಸಸಿ ಏಳುತ್ತಿತ್ತು. ಅಡ್ಡಗದ್ದೆಯ ಸುತ್ತಿನ ಕಾಡಿನಲ್ಲಿ ಉಪ್ಪಾಗೆ ಉಳಿಯಬೇಕಾದರೆ ಅಡುಗೆಮನೆಯ ಈ ಹಳೆಯ ತಾಳ್ಮೆ ಕೊಯ್ಲಿನವರಿಗೂ ಬರಬೇಕಾಗಿದೆ.